ಅಮೆರಿಕದ ಬಾದಾಮಿ ತೋಟ ನೋಡಿ ಬಂದಮೇಲೆ ನಮ್ಮ ಅಡಿಕೆ ಬಗ್ಗೆ ಎರಡು ಮಾತು

ಈ ಸಲ ಸ್ವಲ್ಪ ಉದ್ದ ಆಗಿದೆ, ಬಿಡುವಾದಾಗ ನಿಧಾನಕ್ಕೆ ಓದಿ.

ಮೊನ್ನೆ ಭಾನುವಾರ ಪಕ್ಕದ ಗದ್ದೆ ಹುಡುಗ ಮನೆಗೆ ಬಂದಿದ್ದ. ಅವರಪ್ಪ ತೀರಿಕೊಂಡಮೇಲೆ ಜಮೀನು ಅವನೇ ನೋಡ್ಕೊಳ್ತಿದ್ದಾನೆ. "ದೊಡ್ಡಪ್ಪ, ಉಳಿದಿರೋ ಎರಡು ಎಕರೆ ಗದ್ದೆಗೂ ಮಣ್ಣು ಹೊಡೆಸಿ ಅಡಿಕೆ ಹಾಕಿಬಿಡ್ತೀನಿ. ಒಳ್ಳೆ ಸಸಿ ಎಲ್ಲಿ ಸಿಗ್ತವೆ ಹೇಳಿ" ಅಂದ. ನಾನು ತಕ್ಷಣ ಏನೂ ಹೇಳಲಿಲ್ಲ. ಕಾಫಿ ಕುಡಿಸಿ, ಆಮೇಲೆ ಹೇಳ್ತೀನಿ ಕಣಪ್ಪ ಅಂತ ಕಳಿಸಿದೆ. ಅವನಿಗೆ ಹೇಳಬೇಕಾದ್ದನ್ನೇ ಇಲ್ಲಿ ಬರೀತಿದ್ದೀನಿ. ಹೊಳೆಹೊನ್ನೂರು, ಭದ್ರಾವತಿ, ಶಿವಮೊಗ್ಗ ಸುತ್ತಮುತ್ತ ಚಾನಲ್ ನೀರು ನಂಬಿರೋ ನಮಗೆಲ್ಲ ಇದು ಸಂಬಂಧಪಟ್ಟ ವಿಷಯ.

ಇದು 2024ರಲ್ಲಿ ಅಮೆರಿಕಕ್ಕೆ ಹೋಗಿ ಬಂದ ಕಥೆಯಿಂದ ಶುರುವಾಗುತ್ತೆ. ಫೋಟೋ ಹಾಕಿ ಜಂಬ ಕೊಚ್ಚಿಕೊಳ್ಳಕ್ಕೆ ಬರೀತಿಲ್ಲ. ಅಲ್ಲಿ ಕಂಡ ಕೆಲವು ವಿಷಯ ಇನ್ನೂ ತಲೆಯಿಂದ ಹೋಗಿಲ್ಲ.

ಮೊದಲು 2024ರ ಬೇಸಿಗೆ ನೆನಪು ಮಾಡ್ಕೊಳ್ಳಿ. ಹಿಂದಿನ ವರ್ಷ ಮಳೆ ಕೈಕೊಟ್ಟು ಭದ್ರೆ ತುಂಬಿರಲಿಲ್ಲ. 186 ಅಡಿಯ ಡ್ಯಾಂ, 71.5 ಟಿಎಂಸಿ ಹಿಡಿಯುತ್ತೆ ಅಂತ ನಾವು ಎದೆ ತಟ್ಟಿ ಹೇಳ್ತೀವಲ್ಲ, ಆ ವರ್ಷ ಅದು ಕೆಲಸಕ್ಕೆ ಬರಲಿಲ್ಲ. ಬೇಸಿಗೆ ಭತ್ತಕ್ಕೆ ನೀರಿಲ್ಲ, ನಿಂತ ತೋಟ ಉಳಿಸಿಕೊಳ್ಳಕ್ಕೆ ಮಾತ್ರ ಆನ್-ಆಫ್ ಲೆಕ್ಕದಲ್ಲಿ ಬಿಡ್ತೀವಿ ಅಂತಾಯ್ತು. ನನ್ನದು ಒಟ್ಟು ಐದು ಎಕರೆ. ಮೂರು ಎಕರೆಗೆ 2012ರಲ್ಲಿ ಅಡಿಕೆ ಹಾಕಿದ್ದೆ, ಎರಡು ಎಕರೆ ಗದ್ದೆಯಾಗೇ ಉಳಿದಿತ್ತು. ಎರಡು ಬೋರಿನಲ್ಲಿ ಒಂದು ಫೆಬ್ರವರಿಗೇ ಗಾಳಿ ಉಗುಳ್ತು. ಇನ್ನೊಂದು ಅರ್ಧ ಗಂಟೆ ಓಡಿ ನಿಲ್ಲೋದು.

ಲೆಕ್ಕ ನಿಮಗೂ ಗೊತ್ತು. ಎಕರೆಗೆ ಸುಮಾರು 550 ಗಿಡ. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಕೊಟ್ಟರೂ ಗಿಡಕ್ಕೆ ದಿನಕ್ಕೆ 18 ಲೀಟರ್ ಆಸುಪಾಸು ಬೇಕು. ಎಕರೆಗೆ ಹತ್ತು ಸಾವಿರ ಲೀಟರ್, ಮೂರು ಎಕರೆಗೆ ಮೂವತ್ತು ಸಾವಿರ. ಐದು ಸಾವಿರ ಲೀಟರಿನ ಟ್ಯಾಂಕರ್ ಆದ್ರೆ ದಿನಕ್ಕೆ ಆರು. ನಾನು ಹಾಕಿಸಕ್ಕೆ ಆಗಿದ್ದು ವಾರಕ್ಕೆ ಆರು. ಗಿಡ ಸಾಯದಂಗೆ ನೋಡ್ಕೊಂಡೆ ಅಷ್ಟೇ.

ಮುಂದಿಂದು ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡ್ದೆ. ಬರೀತೀನಿ. ಏಪ್ರಿಲ್‌ನಲ್ಲಿ ಚಾನಲ್‌ಗೆ ನೀರು ಬಿಟ್ಟಾಗ ನಾನೂ ರಾತ್ರಿ ಹೊತ್ತು ಮೋಟಾರ್ ಇಟ್ಟು ಪೈಪ್ ಎಳೆದು ನೀರು ಎತ್ತಿದೀನಿ. ನಾಲ್ಕು ರಾತ್ರಿ. ಸೌಡಿಗೆ ಗೊತ್ತಾದ್ರೂ ಮುಖ ನೋಡಿ ಸುಮ್ಮನಾದ. ನಮ್ಮ ಮಗಳನ್ನ ಕೊಟ್ಟಿರೋದು ಕೊನೆಭಾಗಕ್ಕೆ, ಮಲೇಬೆನ್ನೂರು ಸೀಮೆಗೆ. ಬೀಗರದ್ದು ಒಂದೂವರೆ ಎಕರೆ ತೋಟ. ಆನ್ ಆದಾಗಲೂ ಅವರ ತೂಬಿಗೆ ನೀರು ಮುಟ್ಟಲಿಲ್ಲ. ಮೇ ತಿಂಗಳಲ್ಲಿ ಸುಳಿ ಬಾಡಿ ಸುಮಾರು ಗಿಡ ಹೋದ್ವು. ನಾನು ಎತ್ತಿದ ನೀರು ನೇರವಾಗಿ ಅವರದೇ ಅಂತ ಹೇಳಕ್ಕಾಗಲ್ಲ, ಚಾನಲ್ ಕವಲು ಬೇರೆ ಬೇರೆ. ಆದ್ರೆ ಡ್ಯಾಂ ಒಂದೇ. ಮೇಲ್ಭಾಗದಲ್ಲಿ ನನ್ನಂಥವರು ಎಷ್ಟು ಜನ ಪೈಪ್ ಎಳೆದಿದ್ರೋ! ಮಗಳು ಫೋನ್ ಮಾಡಿದಾಗ "ನಿಮ್ಮ ಕಡೆ ಹೆಂಗಪ್ಪ ತೋಟ?" ಅಂತ ಕೇಳಿದ್ಲು. "ಪರವಾಗಿಲ್ಲಮ್ಮ" ಅಂದೆ. ಆ ಒಂದು ಮಾತು ಇವತ್ತಿಗೂ ಚುಚ್ಚುತ್ತೆ.

ಇಂಥಾ ಮನಸ್ಸಲ್ಲೇ ಮೇ ಕೊನೆಗೆ ವಿಮಾನ ಹತ್ತಿದ್ದು. ಮಗ, ಸೊಸೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾರೆ, ಟಿಕೆಟ್ ಆಗಲೇ ಮಾಡಿಸಿಬಿಟ್ಟಿದ್ರು. ತೋಟ ತಮ್ಮನಿಗೆ ಒಪ್ಪಿಸಿ ಹೋದ್ವಿ.

ಜೂನ್‌ನಲ್ಲಿ ಮಗ ಹತ್ತು ದಿನ ರಜೆ ಹಾಕಿ ಆರ್‌ವಿ ಬಾಡಿಗೆಗೆ ತಂದ. ಅಂದ್ರೆ ಲಾರಿ ಚಾಸಿ ಮೇಲೆ ಒಂದು ಮನೆ ಕೂರಿಸಿದಂಗೆ. ಒಳಗೆ ಗ್ಯಾಸ್ ಒಲೆ, ಫ್ರಿಜ್ಜು, ಮಂಚ, ಸ್ನಾನದ ಗೂಡು, ಕಕ್ಕಸು ಎಲ್ಲ ಇದೆ. ಹೆಚ್ಚುಕಮ್ಮಿ 25 ಅಡಿ ಉದ್ದ, ಲೀಟರ್‌ಗೆ ಮೂರೂವರೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಪುಣ್ಯ. ನಮ್ಮನೆಯವಳು ಮೊದಲ ದಿನವೇ ಅದರೊಳಗೆ ಒಗ್ಗರಣೆ ಹಾಕಿ ಹೊಗೆ ಅಲಾರಾಂ ಕೂಗಿಸಿದ್ಲು.

ನನಗೆ ಅದರಲ್ಲಿ ಹಿಡಿಸಿದ್ದು ಗೋಡೆ ಮೇಲಿನ ಒಂದು ಸಣ್ಣ ಬೋರ್ಡು. ಗಾಡಿಯಲ್ಲಿ ಮೂರು ಟ್ಯಾಂಕ್. ಒಂದು ಒಳ್ಳೆ ನೀರಿಗೆ, ಒಂದು ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ, ಮೂರನೇದು ಕಕ್ಕಸಿಗೆ. ಬಟನ್ ಒತ್ತಿದ್ರೆ ಪ್ರತಿಯೊಂದರಲ್ಲೂ ಎಷ್ಟಿದೆ ಅಂತ ದೀಪ ಹತ್ತುತ್ತೆ: ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಒಳ್ಳೆ ನೀರು ಒಟ್ಟು 40 ಗ್ಯಾಲನ್, ಅಂದ್ರೆ 150 ಲೀಟರ್. ಐದು ಜನ ಅದರಲ್ಲೇ ಎರಡು ದಿನ ತಳ್ಳಬೇಕು. ನಮ್ಮ ಎಂಟು ಅಡಿಕೆ ಗಿಡದ ಒಂದು ದಿನದ ನೀರು ಅದು.

ಮೊದಲ ದಿನ ಪಚೆಕೋ ಪಾಸ್ ಅನ್ನೋ ಘಟ್ಟ ಹತ್ತಿ ಇಳಿದ್ವಿ. ಇಳಿಯೋ ಕಡೆ ಸ್ಯಾನ್ ಲೂಯಿಸ್ ಅಂತ ಒಂದು ಜಲಾಶಯ. ನಮ್ಮ ಲೆಕ್ಕದಲ್ಲಿ ಸುಮಾರು 88 ಟಿಎಂಸಿ, ಭದ್ರೆಗಿಂತ ದೊಡ್ಡದು. ಹೇಳಿಕೊಳ್ಳುವಂಥ ಹೊಳೆ ಒಂದೂ ಅದಕ್ಕೆ ಸೇರಲ್ಲ! ಉತ್ತರದಿಂದ ಕಾಲುವೆಯಲ್ಲಿ ಬಂದ ನೀರನ್ನ ಮಳೆಗಾಲದಲ್ಲಿ ಪಂಪ್ ಮಾಡಿ ಗುಡ್ಡದ ಮೇಲಿನ ಕೆರೆಗೆ ತುಂಬಿಸಿ, ಬೇಸಿಗೆಗೆ ಬಿಡ್ತಾರೆ. ಅದನ್ನ ದಾಟಿದ್ರೆ ಸೆಂಟ್ರಲ್ ವ್ಯಾಲಿ. ಒಂದು ಕಡೆ ಕರಾವಳಿ ಬೆಟ್ಟ, ಇನ್ನೊಂದು ಕಡೆ ಸಿಯೆರಾ ಪರ್ವತ, ನಡುವೆ ಚಪ್ಪಟೆ ನೆಲ. ಉದ್ದ 700 ಕಿಲೋಮೀಟರ್ ಮೇಲೆ. ರಸ್ತೆಯ ಎರಡೂ ಬದಿ ಬಾದಾಮಿ, ಪಿಸ್ತಾ, ದ್ರಾಕ್ಷಿ, ಟೊಮೆಟೊ. ಜಾಸ್ತಿ ಬಾದಾಮಿನೇ. ಸಾಲು ಹಿಡಿದು ನೆಟ್ಟಿದ್ದು ನೋಡಿದ್ರೆ ಚನ್ನಗಿರಿ ರಸ್ತೆಯಲ್ಲಿ ಹೋಗ್ತಿದ್ದೀನೇನೋ ಅನ್ನಿಸ್ತು.

ಶಿವಮೊಗ್ಗದ ಗಾಂಧಿಬಜಾರಿನಲ್ಲಿ ನಾವು ಕೊಳ್ಳೋ ಬಾದಾಮಿ ಹೆಚ್ಚುಕಮ್ಮಿ ಎಲ್ಲ ಇಲ್ಲಿಂದಲೇ ಬರೋದು. ಪ್ರಪಂಚದ ಬಾದಾಮಿಯಲ್ಲಿ ಐದರಲ್ಲಿ ನಾಲ್ಕು ಪಾಲು ಈ ಒಂದೇ ರಾಜ್ಯದ್ದು. ಹೊರದೇಶಗಳಲ್ಲಿ ಅತಿ ದೊಡ್ಡ ಗಿರಾಕಿ ನಮ್ಮ ಭಾರತ.

ಅಲ್ಲಿ ಕೆಲವು ರೈತರು ತಮ್ಮ ಜಮೀನಲ್ಲಿ ರಾತ್ರಿ ಆರ್‌ವಿ ನಿಲ್ಲಿಸಕ್ಕೆ ಬಿಡ್ತಾರೆ. ಬಾಡಿಗೆ ಅಂತ ಇಲ್ಲ, ಅವರು ಬೆಳೆದಿದ್ದು ಏನಾದ್ರೂ ಕೊಂಡರೆ ಆಯ್ತು. ನಾವು ಮರ್ಸೆಡ್ ಹತ್ರ ನಿಲ್ಲಿಸಿದ್ದು ಒಬ್ಬ ಪಂಜಾಬಿ ಸರ್ದಾರ್ಜಿ ತೋಟದಲ್ಲಿ. ವಯಸ್ಸು ಎಪ್ಪತ್ತರ ಹತ್ರ. ಪಂಜಾಬಿನವರು ನೂರು ವರ್ಷದಿಂದ ಆ ಕಡೆ ಬೇಸಾಯಕ್ಕಿಳಿದಿದ್ದಾರೆ. ನನ್ನ ಹರಕು ಹಿಂದಿಯಲ್ಲೇ ರಾತ್ರಿ ಹನ್ನೊಂದರ ತನಕ ಮಾತಾಡಿದ್ವಿ.

ನನ್ನ ತೋಟದ ಕಥೆ ಹೇಳಿದೆ. ಅವರು ಕೇಳಿ ಸುಮ್ಮನೆ ನಕ್ಕು, ಬ್ಯಾಟರಿ ಹಿಡ್ಕೊಂಡು ಹಿಂದುಗಡೆ ಕರ್ಕೊಂಡು ಹೋದ್ರು. ಅಲ್ಲಿ ಹತ್ತಿಪ್ಪತ್ತು ಎಕರೆ ಬಾದಾಮಿ ಮರ ಬೇರುಸಮೇತ ಕಿತ್ತು ಉರುಳಿಸಿತ್ತು. ಪುಡಿ ಮಾಡಿ ಮಣ್ಣಿಗೆ ಸೇರಿಸಕ್ಕೆ ಮಷೀನ್ ಬರಬೇಕಿತ್ತಂತೆ. ಮರಕ್ಕೆ ಇನ್ನೂ ಹತ್ತು ಹನ್ನೆರಡು ವರ್ಷ ಆಯಸ್ಸಿತ್ತು.

ಅವರ ಕಥೆ ಇಷ್ಟು. ಮೊದಲು ಅವರು ಹತ್ತಿ, ಟೊಮೆಟೊ, ಜೋಳ ಬೆಳೀತಿದ್ರು. 2014ರ ಹೊತ್ತಿಗೆ ಬಾದಾಮಿ ಪೌಂಡಿಗೆ ನಾಲ್ಕು ಡಾಲರ್ ಮುಟ್ಟಿತು. ಎಲ್ಲರೂ ನೆಟ್ರು, ಇವರೂ ನೆಟ್ರು. ಬ್ಯಾಂಕ್ ಸಾಲ ಕೊಡ್ತು. ಬಾದಾಮಿ ಫಸಲಿಗೆ ಬರಕ್ಕೆ ಮೂರು ವರ್ಷ, ಇಪ್ಪತ್ತೈದು ವರ್ಷ ಇರುತ್ತೆ. ಬರ ಬಂದಾಗ ಕಾಲುವೆ ನೀರು ನಿಂತಿತು. ಮೊದಲಾಗಿದ್ರೆ ಹತ್ತಿ ಹೊಲ ಒಂದು ವರ್ಷ ಪಾಳು ಬಿಡ್ತಿದ್ರು. ಮರ ಪಾಳು ಬಿಡಕ್ಕಾಗುತ್ತಾ? ಬೋರು ಆಳ ಮಾಡಿದ್ರು. ಪಕ್ಕದವರು ಅದಕ್ಕಿಂತ ಆಳ ಮಾಡಿದ್ರು. ಎಲ್ಲರ ಬಾದಾಮಿ ಒಟ್ಟಿಗೆ ಫಸಲಿಗೆ ಬಂತು. 2022ರ ಹೊತ್ತಿಗೆ ರೇಟು ಒಂದೂವರೆ ಡಾಲರ್‌ಗಿಂತ ಕೆಳಗೆ ಇಳೀತು. ಸಾಲ ಹಂಗೇ ನಿಂತಿತ್ತು, ಕರೆಂಟ್ ಬಿಲ್ ಏರಿತ್ತು.

"ನೀರಿಗೂ ಸಾಲ, ರೇಟಿಗೂ ಸಾಲ" ಅಂದ್ರು ಸರ್ದಾರ್ಜಿ.

ಅಲ್ಲಿಂದ ದಕ್ಷಿಣಕ್ಕೆ ಮೆಂಡೋಟ ಅಂತ ಊರಿದೆ. ಅದರ ಹತ್ರ ತೆಗೆದ ಒಂದು ಹಳೇ ಫೋಟೋ ಮಗ ಮೊಬೈಲಲ್ಲಿ ತೋರಿಸ್ದ. ಕರೆಂಟ್ ಕಂಬದ ಪಕ್ಕ ಒಬ್ಬ ವಿಜ್ಞಾನಿ ನಿಂತಿದ್ದಾನೆ. ಅವನ ತಲೆಗಿಂತ ಎಷ್ಟೋ ಮೇಲೆ 1925 ಅಂತ ಬೋರ್ಡು, ಮಧ್ಯೆ 1955, ಕಾಲ ಹತ್ರ 1977. ಆಯಾ ವರ್ಷ ನೆಲ ಎಲ್ಲಿತ್ತು ಅಂತ ಗುರುತು. ಬೋರಿನಿಂದ ನೀರು ಹೀರಿ ಹೀರಿ ಭೂಮಿನೇ 28 ಅಡಿ ಕೆಳಗೆ ಕೂತಿದೆ! ನಮ್ಮದು ಗಟ್ಟಿ ಬಂಡೆ ನೆಲ, ಹಂಗೆ ಕುಸಿಯಲ್ಲ. ಆದ್ರೆ ಬಂಡೆ ಬಿರುಕಲ್ಲಿ ಇರೋ ನೀರೇ ಕಮ್ಮಿ, ಮುಗೀತು ಅಂದ್ರೆ ಮುಗೀತು. 2014ರ ಬರದಲ್ಲಿ ಈಸ್ಟ್ ಪೋರ್ಟರ್‌ವಿಲ್ ಅನ್ನೋ ಊರಲ್ಲಿ ಮನೆಮನೆಯ ಬಾವಿ ಬತ್ತಿ, ಕುಡಿಯೋ ನೀರನ್ನ ಹೊರಗಿಂದ ತಂದು ಕೊಟ್ಟರಂತೆ. ಅಮೆರಿಕದಲ್ಲೂ ಇಂಥದ್ದು ಆಗುತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾ ಅಂತರ್ಜಲಕ್ಕೆ ಕಾನೂನು ಮಾಡಿತು. ತುಂಬಾ ಕೆಟ್ಟಿರೋ ಪ್ರದೇಶಗಳು 2040ರೊಳಗೆ ಎತ್ತೋದು, ಇಂಗೋದು ಸರಿದೂಗಿಸಬೇಕು. ಅದಕ್ಕೇ ಈಗ ಎಷ್ಟೋ ಕಡೆ ತೋಟ ಕೀಳ್ತಿದ್ದಾರೆ. ಮೊದಲು ನೆಟ್ಟು ಆಮೇಲೆ ಅಳತೆ ಮಾಡಿದ್ರು. ಅಲ್ಲೇ ಅವರು ಎಡವಿದ್ದು.

ಮರುದಿನ ಸ್ಯಾಕ್ರಮೆಂಟೊ ದಾಟಿ ಸಿಯೆರಾ ಪರ್ವತ ಹತ್ತಿದ್ವಿ. ಡಾನರ್ ಪಾಸ್, ಏಳು ಸಾವಿರ ಅಡಿ ಎತ್ತರ. ಜೂನ್ ತಿಂಗಳಲ್ಲೂ ತುದಿಯಲ್ಲಿ ಹಿಮ ಇತ್ತು. ಅವರಿಗೆ ಆ ಹಿಮವೇ ಮೊದಲ ಡ್ಯಾಂ. ಚಳಿಗಾಲದಲ್ಲಿ ಬಿದ್ದಿದ್ದು ಬೇಸಿಗೆ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಕರಗಿ ಇಳಿಯುತ್ತೆ. ನಮ್ಮ ಗಂಗಾಮೂಲದಲ್ಲಿ ಹುಟ್ಟೋ ತುಂಗೆ, ಭದ್ರೆಗೆ ಆ ಅನುಕೂಲ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಒಂದೇ ಏಟಿಗೆ ಬರುತ್ತೆ, ಲಕ್ಕವಳ್ಳಿಯಲ್ಲಿ ಹಿಡಿದಷ್ಟೇ ನಮ್ಮದು.

ಪರ್ವತ ಇಳಿದರೆ ನೆವಾಡ. ಮಾರಾಯ್ರೆ, ಅಷ್ಟು ಒಣ ನೆಲ ನಾನು ನೋಡಿಲ್ಲ. ನೂರು ಕಿಲೋಮೀಟರ್ ಹೋದ್ರೂ ಊರಿಲ್ಲ, ಬರೀ ಬೂದಿ ಬಣ್ಣದ ಪೊದೆ. ವಿನ್ನೆಮುಕ್ಕ ದಾಟಿ ರಾತ್ರಿ ಬಯಲಲ್ಲಿ ನಿಲ್ಲಿಸಿದ್ವಿ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಸ್ನಾನಕ್ಕೆ ಹೋದೆ. ಬಿಸಿನೀರು ಬರ್ತಿತ್ತು, ಹಂಡೆ ನೀರು ಹುಯ್ಕೊಂಡಂಗೆ ಆರಾಮಾಗಿ ನಿಂತೆ. ಸೋಪು ಹಚ್ಕೊಂಡು ತಿರುಗಿದ್ರೆ ನಲ್ಲಿ ಗೊರಗೊರ ಅಂತು. ಖಾಲಿ.

ಮೈಯೆಲ್ಲ ಸೋಪು, ಟವಲ್ ಸುತ್ಕೊಂಡು ಹೊರಗೆ ಬಂದೆ. ಒಂಬತ್ತು ವರ್ಷದ ಮೊಮ್ಮಗಳು ಬೋರ್ಡಿನ ಬಟನ್ ಒತ್ತಿ ನೋಡಿ, "ಅಜ್ಜ, ರಾತ್ರಿ ಅರ್ಧ ಇತ್ತು. ಎಲ್ಲಾ ನೀನೇ ಖಾಲಿ ಮಾಡಿದ್ದು" ಅಂದ್ಲು. ಎಲ್ಲರೂ ನಕ್ಕರು. ಸೊಸೆ "ಹೋಗ್ಲಿ ಬಿಡಿ ಮಾವ, ಎಲ್ಕೋದಲ್ಲಿ ತುಂಬಿಸ್ಕೊಂಡ್ರಾಯ್ತು" ಅಂದ್ಲು. ಕುಡಿಯೋ ಬಾಟಲಿ ನೀರಲ್ಲಿ ಮೈ ಒರೆಸ್ಕೊಂಡೆ. ನಾನೂ ನಕ್ಕೆ. ಆದ್ರೆ ಹೊಟ್ಟೆಯೊಳಗೆ ಏಪ್ರಿಲ್ ತಿಂಗಳ ನಾಲ್ಕು ರಾತ್ರಿ ನೆನಪಾಯ್ತು. ಗಾಡಿಯಲ್ಲಿ ಬೋರ್ಡ್ ಇತ್ತು, ಅರ್ಧ ಇದೆ ಅಂತ ದೀಪ ಹೇಳ್ತಿತ್ತು, ಮಗುಗೂ ಕಂಡಿತ್ತು. ನಮ್ಮ ಚಾನಲ್‌ನಲ್ಲಿ ಯಾರು ಎಷ್ಟು ತಗೊಂಡ್ರು ಅಂತ ತೋರಿಸೋ ದೀಪ ಎಲ್ಲಿದೆ?

ಅಲ್ಲಿಂದ ಇದಾಹೊ ರಾಜ್ಯದ ಟ್ವಿನ್ ಫಾಲ್ಸ್. ಆಲೂಗಡ್ಡೆ, ಸಕ್ಕರೆ ಬೀಟು, ಕುದುರೆಮೇವಿನ ಸೊಪ್ಪು, ಹಾಲಿನ ಡೈರಿ. ನೂರಿಪ್ಪತ್ತು ವರ್ಷದ ಹಿಂದೆ ಅದೂ ನೆವಾಡದಂಥ ಒಣ ನೆಲವೇ. 1905ರಲ್ಲಿ ಸ್ನೇಕ್ ನದಿಗೆ ಮಿಲ್ನರ್ ಡ್ಯಾಂ ಕಟ್ಟಿ ಕಾಲುವೆ ತೆಗೆದಮೇಲೆ ಹಸಿರಾಗಿದ್ದು. ಊರ ಹತ್ರ ಶೋಶೋನಿ ಅಂತ ಜಲಪಾತ, 212 ಅಡಿ, ನಯಾಗರಕ್ಕಿಂತ ಎತ್ತರ. ನಾವು ಹೋದಾಗ ನೀರಿಗಿಂತ ಬಂಡೆನೇ ಜಾಸ್ತಿ ಕಾಣ್ತಿತ್ತು. ಮೇಲುಗಡೆಯೇ ನೀರು ಹೊಲಕ್ಕೆ ತಿರುಗಿರುತ್ತೆ. ನಮ್ಮನೆಯವಳು ನೋಡಿ "ಬೇಸಿಗೆ ಜೋಗದ ಥರಾನೇ ಇದೆ" ಅಂದ್ಲು. ಜೋಗದ ನೀರು ಲಿಂಗನಮಕ್ಕಿಯಲ್ಲಿ ಕರೆಂಟಿಗೆ ನಿಂತಿದೆ, ಇಲ್ಲಿಯದು ಆಲೂಗಡ್ಡೆಗೆ ಹೋಗಿದೆ. ಅಷ್ಟೇ ವ್ಯತ್ಯಾಸ.

ಆ ಹದಿನೈದು ದಿನ ಅಲ್ಲಿ ದೊಡ್ಡ ಗಲಾಟೆ ನಡೀತಿತ್ತು. ಮೇ 30ರಂದು ಅಲ್ಲಿಯ ಜಲ ಇಲಾಖೆ ಒಂದು ಆದೇಶ ಹೊರಡಿಸಿತ್ತು. ನದಿಯ ಮೇಲ್ಭಾಗದಲ್ಲಿ ಬೋರಿನಿಂದ ನೀರೆತ್ತೋ ರೈತರು ಪಂಪ್ ನಿಲ್ಲಿಸಬೇಕು ಅಂತ. ಸುಮಾರು ಐದು ಲಕ್ಷ ಎಕರೆ ಬೆಳೆ ಆ ಪಂಪುಗಳ ಮೇಲೆ ನಿಂತಿತ್ತು. ಅದೂ ಡ್ಯಾಂಗಳು ತುಂಬಿದ್ದ ವರ್ಷ! ರೈತರು ಕೆಂಡವಾಗಿದ್ರು. ನಾವು ವಾಪಸ್ ಬರೋ ಹೊತ್ತಿಗೆ, ಜೂನ್ 20ಕ್ಕೆ, ಎರಡೂ ಕಡೆಯವರು ಕೂತು ಆ ವರ್ಷದ ಮಟ್ಟಿಗೆ ರಾಜಿ ಮಾಡ್ಕೊಂಡ್ರು.

ಅದರ ಹಿಂದಿನ ನಿಯಮ ಕೇಳಿ. ಅಲ್ಲಿ ನೀರಿನ ಹಕ್ಕಿಗೆ ತಾರೀಖು ಇದೆ. ಯಾರು ಮೊದಲು ನೀರು ಬಳಸಿದ್ರೋ ಅವರ ಪಾಲು ಮೊದಲು. ಟ್ವಿನ್ ಫಾಲ್ಸ್ ಕಾಲುವೆಯವರ ಹಕ್ಕು 1900ನೇ ಇಸವಿದು. ಅವರು ಇರೋದು ಕೆಳಗೆ, ನಮ್ಮ ಲೆಕ್ಕದಲ್ಲಿ ಕೊನೆಭಾಗ. ಬೋರುಗಳು ಮೇಲ್ಭಾಗದಲ್ಲಿವೆ, ಹಕ್ಕು ಆಮೇಲಿಂದು. ಬೋರಿನಿಂದ ಎತ್ತಿದ್ರೆ ನದಿಗೆ ಒಸರೋ ನೀರು ಕಮ್ಮಿಯಾಗುತ್ತೆ, ಆದ್ದರಿಂದ ಬೋರೂ ಕಾಲುವೆಯೂ ಒಂದೇ ಲೆಕ್ಕ ಅಂತ ಕಾನೂನು. ಕೆಳಗಿನವನಿಗೆ ಕೊರತೆಯಾದ್ರೆ ಮೇಲಿನವನು ಮೋಟಾರ್ ಆಫ್ ಮಾಡಬೇಕು.

ಇದು ನ್ಯಾಯವೋ ಅನ್ಯಾಯವೋ ನಾನು ಹೇಳಲ್ಲ. ಮೊದಲು ಬಂದವನಿಗೇ ಎಲ್ಲ ಅಂದ್ರೆ ಆಮೇಲೆ ಬಂದ ಬಡವ ಏನು ಮಾಡಬೇಕು? ಆ ಜನಕ್ಕಿಂತ ಮೊದಲೇ ಅಲ್ಲಿದ್ದ ಮೂಲನಿವಾಸಿಗಳ ಕಥೆ ಬೇರೆಯೇ ಇದೆ. ನಮಗೆ ಆ ಕಾನೂನು ಬೇಡ. ಆದ್ರೆ ಒಂದು ವಿಷಯ ನಿಮ್ಮ ಮುಂದೆ ಇಡ್ತೀನಿ. ಅಲ್ಲಿ ಜಗಳ ಆಡಕ್ಕಾದ್ರೂ ಕೈಲಿ ಲೆಕ್ಕ ಇದೆ. ಯಾವ ಬೋರು, ಎಷ್ಟು ನೀರು, ಯಾವ ವರ್ಷದ ಹಕ್ಕು, ಎಲ್ಲ ಕಾಗದದ ಮೇಲಿದೆ. ನಮ್ಮಲ್ಲಿ ನೀರಿನ ಜಗಳ ಅಂದ್ರೆ ರಾತ್ರಿ ತೂಬಿನ ಹತ್ರ ಗುದ್ದಲಿ ಹಿಡ್ಕೊಂಡು ನಿಲ್ಲೋದು.

ಕೊನೆಗೆ ಟೀಟನ್ ಪರ್ವತಕ್ಕೆ ಹೋದ್ವಿ. ಆ ಕಡೆ ಒಂದು ಘಟ್ಟದ ರಸ್ತೆ ಜೂನ್ 8ಕ್ಕೆ ಕುಸಿದು ಹೋಗಿ, ನಾವು ಬೇರೆ ದಾರಿ ಸುತ್ತಿ ಹೋಗಬೇಕಾಯ್ತು. ಆಗುಂಬೆ, ಶಿರಾಡಿ ನೆನಪಾದ್ವು. ಪರ್ವತದ ಕಾಲ ಬುಡಕ್ಕೆ ಜ್ಯಾಕ್ಸನ್ ಸರೋವರ. ನ್ಯಾಷನಲ್ ಪಾರ್ಕ್ ಒಳಗಿದೆ, ಲಕ್ಷಾಂತರ ಜನ ಫೋಟೋ ತೆಗೆಯಕ್ಕೆ ಬರ್ತಾರೆ. ಅದರ ಬಾಯಿಗೆ ಡ್ಯಾಂ ಕಟ್ಟಿದೆ. ಮೇಲಿನ 39 ಅಡಿ ನೀರು, ಸುಮಾರು 37 ಟಿಎಂಸಿ, ಇದಾಹೊ ರೈತರಿಗೆ ಅಂತ ಶೇಖರಿಸಿದ್ದು. ಸರೋವರ ಇರೋದು ವಯೋಮಿಂಗ್ ರಾಜ್ಯದಲ್ಲಿ, ನೀರು ಹರಿಯೋದು ಮುನ್ನೂರು ಕಿಲೋಮೀಟರ್ ಆಚೆ ಆಲೂಗಡ್ಡೆ ಹೊಲಕ್ಕೆ. ಡ್ಯಾಂ ಗೋಡೆ ಮೇಲೆ ನಿಂತಾಗ ನನಗೆ ಲಕ್ಕವಳ್ಳಿನೇ ಕಂಡಂಗಾಯ್ತು. ಡ್ಯಾಂ ಚಿಕ್ಕಮಗಳೂರು ಜಿಲ್ಲೆಯಲ್ಲಿ, ನೀರು ನಮ್ಮ ಜಿಲ್ಲೆ ದಾಟಿ ದಾವಣಗೆರೆ, ಹರಿಹರದ ತನಕ. ಡ್ಯಾಂ ಹತ್ರ ಇರೋನಿಗೆ ಕೊನೆಯವನ ಹೊಲ ಕಾಣಲ್ಲ. ಅವನ ಮುಖನೂ ಕಾಣಲ್ಲ. ನನಗೆ ಕಾಣಬೇಕಿತ್ತು, ನನ್ನ ಮಗಳೇ ಅಲ್ಲಿದ್ದಾಳೆ.

ಅಲ್ಲಿಂದ ವಾಪಸ್ ಬಂದ ಕಥೆ ಬೇಡ. ಆ ವರ್ಷ ದೇವರು ದೊಡ್ಡವನು, ಮುಂಗಾರು ಚೆನ್ನಾಗಿ ಬಂದು ಭದ್ರೆ ತುಂಬಿತು. ಚಾನಲ್ ತುಂಬಿ ಹರೀತಿದ್ದಂಗೇ ನಾವೆಲ್ಲ ಬೇಸಿಗೆ ಮರೆತ್ವಿ. ಈಗ ನೋಡಿ, ರಸ್ತೆ ಬದಿ ಎಲ್ಲಿ ನೋಡಿದ್ರೂ ಗದ್ದೆಗೆ ಟಿಪ್ಪರ್ ಮಣ್ಣು ಬೀಳ್ತಿದೆ.

ಈಗ ಪಕ್ಕದ ಗದ್ದೆ ಹುಡುಗನಿಗೆ ನನ್ನ ಮಾತು.

ಅಡಿಕೆ ಹಾಕಬೇಡ ಅಂತ ಹೇಳೋ ಮುಖ ನನಗಿಲ್ಲ. ನನ್ನ ಮಗ ಓದಿದ್ದು, ಮಗಳ ಮದುವೆ, ಈ ವಿಮಾನದ ಟಿಕೆಟ್‌ಗೆ ಕಾರಣವಾದ ಓದು, ಎಲ್ಲ ಗದ್ದೆ ಮತ್ತು ಅಡಿಕೆ ಕೊಟ್ಟಿದ್ದೇ. ರಾಶಿಗೆ ಅಷ್ಟು ರೇಟು ಇರುವಾಗ, 2025-26ರಲ್ಲಿ 2,369 ರೂಪಾಯಿ ಬೆಂಬಲ ಬೆಲೆ ಇದ್ದ ಭತ್ತ ಬೆಳಿ ಅನ್ನೋದು ಸುಲಭದ ಮಾತಲ್ಲ. ನಾಟಿಗೆ ಆಳಿಲ್ಲ, ಕಟಾವು ಮಷೀನಿಗೆ ಕಾಯಬೇಕು, ಎಲ್ಲ ಗೊತ್ತು.

"ಅಡಿಕೆಗಿಂತ ಭತ್ತವೇ ಜಾಸ್ತಿ ನೀರು ಕುಡಿಯುತ್ತೆ" ಅಂತಾನೂ ನೀವು ಹೇಳ್ತೀರ. ಹೌದು, ಸರಿ. ಆದ್ರೆ ಕೆಟ್ಟ ವರ್ಷದಲ್ಲಿ ಮುಖ್ಯವಾಗೋದು ಎಷ್ಟು ಕುಡಿಯುತ್ತೆ ಅನ್ನೋದಲ್ಲ, ಬಿಡಕ್ಕಾಗುತ್ತಾ ಅನ್ನೋದು. ನೀರಿಲ್ಲ ಅಂದ್ರೆ ಒಂದು ಬೇಸಿಗೆ ಭತ್ತ ಬಿಡಬಹುದು. ನಷ್ಟ ಒಂದು ಬೆಳೆದು. ಅಡಿಕೆಗೆ ಈ ವರ್ಷ ರಜೆ ಅನ್ನಕ್ಕಾಗಲ್ಲ. ಏಪ್ರಿಲ್, ಮೇನಲ್ಲಿ ಕೊಡಲೇಬೇಕು. ತಪ್ಪಿದ್ರೆ ಹೋಗೋದು ಒಂದು ಬೆಳೆಯಲ್ಲ, ಐದಾರು ವರ್ಷ ಸಾಕಿದ ತೋಟ, ಮುಂದಿನ ಮೂವತ್ತು ನಲವತ್ತು ವರ್ಷದ ಆದಾಯ. ಅದಕ್ಕೇ ಮರ ಉಳಿಸಿಕೊಳ್ಳಕ್ಕೆ ಮನುಷ್ಯ ಏನು ಬೇಕಾದ್ರೂ ಮಾಡ್ತಾನೆ. ಸಾಲ ಮಾಡಿ ಬೋರು ಕೊರೆಸ್ತಾನೆ, ರಾತ್ರಿ ಪೈಪ್ ಎಳೀತಾನೆ. ನಾನು ಮಾಡಿದೀನಿ.

ಭದ್ರಾ ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರ್ ಮೇಲಿದೆ. ಅದರಲ್ಲಿ ಬಿಡಕ್ಕಾಗೋ ಗದ್ದೆ ಇದ್ದಷ್ಟು ದಿನ, ಬರದ ವರ್ಷ ಭತ್ತ ಬಿಟ್ಟು ಆ ನೀರಲ್ಲಿ ತೋಟ ಉಳಿಸಬಹುದು. 2024ರಲ್ಲಿ ನಾವು ಉಳಿದಿದ್ದು ಹಂಗೇ. ಗದ್ದೆಯವರು ಬೇಸಿಗೆ ಬೆಳೆ ಬಿಟ್ಟಿದ್ದಕ್ಕೆ ನಮ್ಮ ತೋಟಕ್ಕೆ ಅಷ್ಟಾದ್ರೂ ಸಿಕ್ತು. ಎಲ್ಲವೂ ತೋಟವಾದ ದಿನ ಬಿಡೋರು ಯಾರು? ಆಗ ಮೇಲ್ಭಾಗದ ತೋಟ, ಕೊನೆಭಾಗದ ತೋಟ ಅಂತ ನೇರ ಯುದ್ಧವೇ. ಅದರ ಜೊತೆಗೆ ಎಲೆಚುಕ್ಕೆ ರೋಗ, ರೇಟಿನ ಏರಿಳಿತ ಬೇರೆ. ನಾಲ್ಕು ಡಾಲರ್ ಕಂಡು ನೆಟ್ಟವರು ಒಂದೂವರೆ ಡಾಲರ್‌ಗೆ ಕಿತ್ತಿದ್ದನ್ನ ನಾನು ಕಣ್ಣಾರೆ ನೋಡಿ ಬಂದಿದ್ದೀನಿ.

ಅದಕ್ಕೆ ನಾನು ಮಾಡಿದ್ದು, ನಿಮಗೂ ಹೇಳೋದು ಇಷ್ಟು.

ಒಂದು. ನನ್ನ ಎರಡು ಎಕರೆ ಗದ್ದೆ ಗದ್ದೆಯಾಗೇ ಇರುತ್ತೆ. ಮಳೆಗಾಲ ಭತ್ತ. ಬೇಸಿಗೆಗೆ ನೀರಿದ್ರೆ ಭತ್ತ, ಇಲ್ಲಾಂದ್ರೆ ಉದ್ದು, ಹೆಸರು, ಅಲಸಂದೆ ಅಥವಾ ದನಕ್ಕೆ ಮೇವು, ಅದೂ ಆಗದಿದ್ರೆ ಖಾಲಿ. ಅದು ನನ್ನ ತೋಟಕ್ಕೆ ಇನ್ಶೂರೆನ್ಸ್ ಅಂತ ಲೆಕ್ಕ. ಐದು ಎಕರೆ ಇದ್ರೆ ಎರಡಾದ್ರೂ ಹಿಂಗೆ ಉಳಿಸ್ಕೊಳ್ಳಿ ಅಂತ ನನ್ನ ಅಭಿಪ್ರಾಯ.

ಎರಡು. ಬೋರಿಗೆ ನೀರಿನ ಮೀಟರ್ ಹಾಕಿಸಿದ್ದೀನಿ. ಯಾರೂ ಹೇಳಿದ್ದಲ್ಲ, ನನಗೇ ಬೇಕಿತ್ತು. ದಿನಾ ಸಂಜೆ ನೋಟ್‌ಬುಕ್ಕಲ್ಲಿ ಬರೀತೀನಿ. ಮೊದಲ ತಿಂಗಳೇ ಗೊತ್ತಾಯ್ತು, ಬೇಕಾದ್ದಕ್ಕಿಂತ ಕಾಲು ಭಾಗ ಜಾಸ್ತಿ ಬಿಡ್ತಿದ್ದೆ. ಡ್ರಿಪ್ ಲೈನ್ ಎರಡು ಕಡೆ ಸೋರ್ತಿತ್ತು. ಕಣ್ಣಿಗೆ ಕಾಣದೆ ಇದ್ದಿದ್ದು ಮೀಟರಲ್ಲಿ ಕಾಣ್ತು.

ಮೂರು. ಚಾನಲ್ ಪೈಪ್ ಕಿತ್ತು ಮನೆ ಹಿಂದೆ ಬಿಸಾಕಿದ್ದೀನಿ. ಮುಂದಿನ ಬರಕ್ಕೆ ಮತ್ತೆ ಎಳೀತೀಯಾ ಅಂತ ಕೇಳಿದ್ರೆ, ಎಳೆಯದೆ ಇರಕ್ಕೇ ಮೊದಲಿನ ಎರಡು ಕೆಲಸ ಮಾಡಿದ್ದು. ತೋಟ ಸಾಯೋ ಹೊತ್ತಲ್ಲಿ ಒಳ್ಳೆ ಬುದ್ಧಿ ಕೆಲಸ ಮಾಡಲ್ಲ. ಅದು ನನಗೆ ಗೊತ್ತು.

ನಾಲ್ಕು. ನಮ್ಮ ನೀರು ಬಳಕೆದಾರರ ಸಂಘಗಳಿವೆ. ಹೆಚ್ಚಿನವು ಹೆಸರಿಗೆ ಮಾತ್ರ. ಪ್ರತಿ ತೂಬಿನ ಹತ್ರ ಎಷ್ಟು ನೀರು ಹೋಯ್ತು ಅಂತ ಒಂದು ಅಳತೆಪಟ್ಟಿ, ಊರ ಅರಳಿಕಟ್ಟೆ ಹತ್ರ ಒಂದು ಬೋರ್ಡು ಇಡಕ್ಕೆ ದೊಡ್ಡ ದುಡ್ಡು ಬೇಡ. ಭದ್ರಾ ಮೇಲ್ದಂಡೆಗೆ 29.9 ಟಿಎಂಸಿ, ಅದರಲ್ಲಿ ಭದ್ರೆಯಿಂದ 12.5, ಅಂತ ನಾವು ರಸ್ತೆಗಿಳಿದು ಕೇಳ್ತೀವಿ. ಕೇಳಬೇಕು. ಆದ್ರೆ "ನಿಮ್ಮ ಹಳ್ಳಿ ಎಷ್ಟು ಬಳಸುತ್ತೆ?" ಅಂತ ಎದುರಿಗೆ ಕೂತವರು ಕೇಳಿದ್ರೆ ಕೊಡಕ್ಕೆ ನಮ್ಮ ಹತ್ರ ಒಂದು ಚೀಟಿಯೂ ಇಲ್ಲ. ಲೆಕ್ಕ ಇದ್ದೋನ ಮಾತಿಗೆ ತೂಕ ಜಾಸ್ತಿ.

ಹೋದ ತಿಂಗಳು ಮಗಳ ಮನೆಗೆ ಹೋಗಿದ್ದೆ. ಬೀಗರು ಸತ್ತ ಗಿಡದ ಜಾಗಕ್ಕೆಲ್ಲ ಹೊಸ ಸಸಿ ಇಟ್ಟಿದ್ದಾರೆ, ಮೊಣಕಾಲೆತ್ತರ ಬಂದಿವೆ. ಸಾಲಿನ ಮಧ್ಯೆ ನಡೀತಾ ನಾಲ್ಕು ರಾತ್ರಿ ವಿಷಯ ಅವರಿಗೆ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ "ನಾನು ಮೇಲಿದ್ದಿದ್ರೆ ನಾನೂ ಎತ್ತಿರ್ತಿದ್ದೆ ಬೀಗರೆ" ಅಂದ್ರು. ಊಟಕ್ಕೆ ಕರೆದ್ರು, ಹೋಗಿ ಕೂತೆ. ಅವರು ಹಂಗಂದ್ರು ಅಂತ ನನ್ನ ತಪ್ಪು ಕಮ್ಮಿಯಾಗಲ್ಲ.

ಹುಡುಗನಿಗೆ ಇದನ್ನೇ ಓದಕ್ಕೆ ಕಳಿಸ್ತೀನಿ. ಓದಿದಮೇಲೂ ಅಡಿಕೆನೇ ಹಾಕ್ತೀನಿ ಅಂದ್ರೆ ಒಳ್ಳೆ ಸಸಿ ಎಲ್ಲಿದೆ ಅಂತ ತೋರಿಸ್ತೀನಿ, ಅದು ಅವನ ಜಮೀನು. ಆದ್ರೆ ಒಂದು ಎಕರೆ ಬಿಟ್ಟು ಇನ್ನೊಂದಕ್ಕೆ ಹಾಕಪ್ಪ ಅಂತ ಖಂಡಿತ ಹೇಳ್ತೀನಿ. ಬೋರಿಗೆ ಮೀಟರ್ ಹಾಕಿಸಕ್ಕೆ ನಾನೇ ಜೊತೆಗೆ ಬರ್ತೀನಿ.

ನಿಮ್ಮ ತೂಬಿನಲ್ಲಿ ಹೆಂಗಿದೆ, ನೀವೇನು ಮಾಡಿದ್ದೀರ, ಹೇಳಿ. ನಾನು ಹೇಳಿದ್ದು ತಪ್ಪು ಅನ್ನಿಸಿದ್ರೂ ಹೇಳಿ, ಬೇಜಾರಿಲ್ಲ. ಮೀಟರ್ ನೋಡಬೇಕು ಅನ್ನೋರು ಯಾವಾಗ ಬೇಕಾದ್ರೂ ತೋಟಕ್ಕೆ ಬನ್ನಿ. ಕಾಫಿ ಕುಡ್ಕೊಂಡು ಹೋಗಬಹುದು.